ಆ್ಯಪಿನಲ್ಲಿ ಬರ್ತದಲ್ವಾ ಮಾವ?

ರಜೆಗೆ ಬಂದ ಸೋದರಳಿಯ ಜಗಲಿಯಲ್ಲಿ ಹರಡಿದ್ದ ನನ್ನ ಸಾಮಾನು ನೋಡಿದ. ಫೋನು, ಅದಕ್ಕೊಂದು ಓಟಿಜಿ ಕೇಬಲ್, ಕೇಬಲ್ಲಿನ ತುದಿಗೆ ಫೋನನ್ನೇ ರೇಡಿಯೋ ಮಾಡುವ ಹೆಬ್ಬೆರಳಿನಷ್ಟಿರುವ ಎಸ್‌ಡಿಆರ್ ಡಾಂಗಲ್, ಅಲ್ಲಿಂದ ಹೊರಟ ತಾಮ್ರದ ವಯರು ಅಂಗಳ ದಾಟಿ ಮೊದಲನೇ ಅಡಿಕೆ ಮರಕ್ಕೆ, ಅಲ್ಲಿಂದ ಮೂರನೇ ಮರಕ್ಕೆ. ಎರಡನೇ ಮರದಲ್ಲಿ ಇರುವೆ ಜಾಸ್ತಿ. ಎಲ್ಲವನ್ನೂ ಒಂದು ಸುತ್ತು ನೋಡಿ, "ಇದೆಲ್ಲ ಆ್ಯಪಿನಲ್ಲಿ ಬರ್ತದಲ್ವಾ ಮಾವ?" ಅಂದ.

ಇವನೊಬ್ಬನೇ ಅಲ್ಲ. ಮೊಬೈಲ್ ಅಂಗಡಿಯವನು ಕೇಳಿದ್ದಾನೆ, ಉಪನಯನದ ಊಟದ ಪಂಕ್ತಿಯಲ್ಲಿ ಪಕ್ಕದವರು ಪಾಯಸ ಸುರಿಯುತ್ತಾ ಕೇಳಿದ್ದಾರೆ. ಕೇಳುವ ಧಾಟಿಯೂ ಒಂದೇ, ಪಾಪ ಇವನಿಗೆ ಗೊತ್ತಿಲ್ಲವೇನೋ ಎಂಬ ಕನಿಕರದ್ದು. ಗೊತ್ತುಂಟು ಮಾರಾಯ್ರೆ. ಆಕಾಶವಾಣಿಗೆ ಆ್ಯಪ್ ಉಂಟು, ನನ್ನ ಫೋನಿನಲ್ಲಿಯೂ ಉಂಟು. ಅದರಲ್ಲಿ ಗಂಟೆಯ ಪಿಪ್ ಪಿಪ್ ಬರುವಾಗ ಗೋಡೆ ಗಡಿಯಾರದ ಮುಳ್ಳು ಮುಂದೆ ಹೋಗಿ ಆಗಿರುತ್ತದೆ. ಗಂಟೆ ಹೇಳಲಿಕ್ಕೆಂದೇ ಇರುವ ಪಿಪ್ಪೇ ತಡವಾಗಿ ಬಂದರೆ ಎಂತ ಪ್ರಯೋಜನ? ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಹೊರಟವನ ಹತ್ತಿರ ಯೂಟ್ಯೂಬಿನಲ್ಲಿ ಬರ್ತದಲ್ವಾ ಅಂತ ಯಾರಾದರೂ ಕೇಳುತ್ತಾರಾ? ಈಗ ಅದನ್ನೂ ಕೇಳುತ್ತಾರೆ. ಅದು ಬೇರೆಯೇ ಸಂಕಟ.

ಆದರೆ ಇದು ಸರಿಯಾದ ಉತ್ತರ ಅಲ್ಲ ಅಂತ ನನಗೂ ಗೊತ್ತು. ಸರಿಯಾದ ಉತ್ತರ ಬೇರೆ ಉಂಟು, ಸಂಜೆ ಹೇಳ್ತೇನೆ ಅಂದೆ.

ಅಲ್ಲಿಯವರೆಗೆ ಸುಮ್ನೆ ಕೂರುವುದು ಬೇಡ ಅಂತ ಎಫ್‌ಎಂ ತೋರಿಸಿದೆ. ಈ ಡಾಂಗಲ್ ಮೂಲದಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿ ಟಿವಿ ನೋಡಲಿಕ್ಕೆ ಮಾಡಿದ್ದು. ಅದರೊಳಗಿನ ಚಿಪ್ಪಿನಿಂದ ಸಿಕ್ಕಿದ ಅಲೆಯನ್ನೆಲ್ಲ ಹಸಿಹಸಿಯಾಗಿ ಹೊರಗೆ ತೆಗೆಯಬಹುದು ಅಂತ ಹುಡುಗರು ಕಂಡುಕೊಂಡು, 2012ರ ಹೊತ್ತಿಗೆ ಅದು ಲೋಕಕ್ಕೆಲ್ಲ ಹರಡಿತು. ಅದು ಒಂದೇ ಸಲಕ್ಕೆ ಎರಡು ಮೆಗಾಹರ್ಟ್ಸಿಗಿಂತ ಜಾಸ್ತಿ ಅಗಲ ನೋಡುತ್ತದೆ. ಹಾಗಾಗಿ ನಮ್ಮ ಕಾಸರಗೋಡಿನಲ್ಲಿ ಕೂತರೆ ಪರದೆಯ ಎಡಕ್ಕೆ 100.3ರ ಮಂಗಳೂರು, ಬಲಕ್ಕೆ 101.5ರ ಕಣ್ಣೂರು, ಎರಡೂ ಒಟ್ಟಿಗೆ ಎದ್ದು ನಿಂತಿರುತ್ತವೆ. ಎಡಕ್ಕೆ ಬೆರಳಿಟ್ಟರೆ ಕನ್ನಡ, ತುಳು. ಬಲಕ್ಕೆ ಇಟ್ಟರೆ ಮಲಯಾಳ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಊರು ಯಾರದ್ದು ಅಂತ ಎಷ್ಟು ಜಗಳ, ಎಷ್ಟು ಮನವಿ, ಎಷ್ಟು ಬೋರ್ಡಿಗೆ ಎಷ್ಟು ಸಲ ಬಣ್ಣ! ಇಲ್ಲಿ ನೋಡಿದರೆ ಇಬ್ಬರೂ ಅವರವರ ಜಾಗದಲ್ಲಿ ಅವರವರ ಪಾಡಿಗೆ ಮಾತಾಡಿಕೊಂಡಿದ್ದಾರೆ. ಅಳಿಯ "ಹ್ಞೂಂ" ಅಂದು ಅವನ ಫೋನು ತೆಗೆದ.

ನನ್ನ ಇಷ್ಟದ್ದು ಮೀಡಿಯಂ ವೇವ್, ಎಫ್‌ಎಂಗಿಂತ ಹಳೇ ರೇಡಿಯೋ. ಬೆಂಗಳೂರು 612, ಕಲ್ಲಿಕೋಟೆ 684, ಧಾರವಾಡ 765, ಚಿಕ್ಕಂದಿನಲ್ಲಿ ಬ್ರಹ್ಮಾವರದ ಕಂಬದಿಂದ ಬರುತ್ತಿದ್ದ ಮಂಗಳೂರು 1089. ಯಾವುದರ ಅಂಕಿಗಳನ್ನು ಬೇಕಾದರೂ ಕೂಡಿಸಿ ನೋಡಿ, ಕೊನೆಗೆ ಉಳಿಯುವುದು ಒಂಬತ್ತು. ಜ್ಯೋತಿಷ್ಯ ಅಲ್ಲ. ನಮ್ಮ ಕಡೆ ಕೇಂದ್ರದಿಂದ ಕೇಂದ್ರಕ್ಕೆ ಒಂಬತ್ತು ಕಿಲೋಹರ್ಟ್ಸ್ ಬಿಟ್ಟು ಬಿಟ್ಟು ಜಾಗ ಹಂಚಿದ್ದಾರೆ, ಎಲ್ಲವೂ ಒಂಬತ್ತರ ಮಗ್ಗಿಯೊಳಗೇ. ಹೊತ್ತು ಕಂತಿ, ಹಗಲಿಡೀ ಮೇಲೆ ಈ ಅಲೆಗಳನ್ನು ನುಂಗುವ ಪದರ ಕರಗಿದ ಮೇಲೆ, ಘಟ್ಟದ ಆಚೆಯ 612 ಇಲ್ಲಿಗೆ ಚೆನ್ನಾಗಿ ಇಳಿಯುತ್ತದೆ. ಒಂದೊಂದು ರಾತ್ರಿ ಕಡಲಿನ ಆಚೆಯಿಂದ ಅರಬ್ಬಿ ಹಾಡೂ ಬರುತ್ತದೆ.

ಇದರ ಮಧ್ಯೆ ಟಿಕ್.

ಸೆಕೆಂಡಿಗೊಂದರಂತೆ ಟಿಕ್. ವಾರ್ತೆ ಓದುವಾಗ ಟಿಕ್, ವೀಣೆಯ ತಾನದ ನಡುವೆ ಟಿಕ್. ಪರದೆಯಲ್ಲಿ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ, ಸಮ ಅಂತರದಲ್ಲಿ. ಮೊದಲು ಎಲ್‌ಇಡಿ ಬಲ್ಬಿನ ಮೇಲೆ ಸಂಶಯ. ಅಗ್ಗದ ಬಲ್ಬು, ಅಗ್ಗದ ಚಾರ್ಜರು, ಇನ್ವರ್ಟರು, ಇವು ಮೂರು ಸೇರಿ ಮೀಡಿಯಂ ವೇವನ್ನು ಕೊಂದದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ, ಆ ಬಗ್ಗೆ ನಾನು ಮನೆಯಲ್ಲಿ ಮಾಡಿದ ಭಾಷಣಗಳಿಗೆ ಇದುವರೆಗೆ ಒಬ್ಬರೂ ತಲೆಯಾಡಿಸಿಲ್ಲ. ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು. ಇಡೀ ಊರಿನದ್ದು ಹೋದರೆ ನನಗೆ ಅದು ಹಬ್ಬ. ಗುಂಯ್ ಅನ್ನುವುದೆಲ್ಲ ಒಮ್ಮೆಗೇ ನಿಂತು ರೇಡಿಯೋ ಸ್ವಚ್ಛ. ಆವತ್ತೂ ಎಲ್ಲ ನಿಂತಿತು, ಟಿಕ್ ಮಾತ್ರ ನಿಲ್ಲಲಿಲ್ಲ, ಬದಲಿಗೆ ಇನ್ನೂ ಜೋರಾಯಿತು. ಕರೆಂಟಿಲ್ಲದೆ ನಡೆಯುವಂಥದ್ದು, ಮಳೆ ಬಂದರೆ ಹುರುಪಾಗುವಂಥದ್ದು, ರಾತ್ರಿಯಿಡೀ ಎದ್ದಿರುವಂಥದ್ದು ಎಂತ ಇರಬಹುದು?

ಮರುದಿನ ಸಂಜೆ ಹಳೇ ಟ್ರಾನ್ಸಿಸ್ಟರ್ ಹೊರಗೆ ಬಂತು. ಅದರೊಳಗೆ ಅಡ್ಡಕ್ಕೆ ಮಲಗಿದ, ಅಲೆ ಹಿಡಿಯುವ ಫೆರೈಟ್ ಸರಳು ಉಂಟಲ್ವಾ, ಅದರ ತುದಿ ಸದ್ದಿನ ಮೂಲದ ಕಡೆ ತಿರುಗಿದಾಗ ಸದ್ದು ಕುಗ್ಗುತ್ತದೆ. ರೇಡಿಯೋವನ್ನು ಎದೆಗೆ ಹಿಡಿದು, ಅಂಗಳದಲ್ಲಿ ಮೆಲ್ಲ ಸುತ್ತು ತಿರುಗುತ್ತಾ, ಕುಗ್ಗಿದ ದಿಕ್ಕಿಗೆ ಹತ್ತು ಹೆಜ್ಜೆ ನಡೆದು, ಮತ್ತೆ ತಿರುಗಿ, ಮತ್ತೆ ನಡೆದು. ತೋಟ ದಾಟಿತು, ತೋಡು ದಾಟಿತು. ನೋಡಿದವರು ಏನು ತಿಳಿದುಕೊಂಡರೋ, ಕೆಲಸದವಳು ಮಾತ್ರ ಮಗುವನ್ನು ಹತ್ತಿರ ಎಳೆದುಕೊಂಡಳು. ಹೋಗಿ ಮುಟ್ಟಿದ್ದು ಆಚೆ ಮನೆಯ ಭಾವನ ಸೋಲಾರ್ ಬೇಲಿಗೆ! ಹಂದಿಗೆ ಅಂತ ಹಾಕಿಸಿದ್ದು. ಪಂಪಿನ ಕೊಟ್ಟಿಗೆಯಲ್ಲಿ ಪೆಟ್ಟಿಗೆಯೊಂದು, ಬ್ಯಾಟರಿಯ ಮೇಲೆ ಬದುಕಿ, ಸೆಕೆಂಡಿಗೊಂದರಂತೆ ತಂತಿಗೆ ಶಾಕ್ ಬಿಡುತ್ತದೆ. ತಂತಿಗೆ ಹಸಿ ಬಲ್ಲೆ, ಅಂದರೆ ಕಾಡುಗಿಡದ ಪೊದೆ, ತಾಗಿದಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯೇ ನನ್ನ ಟಿಕ್.

ಭಾವ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ವಿಷಯ ಹೇಳಿದೆ.

"ಎಂತ ಭಾವಾ, ನನ್ನ ಬೇಲಿ ನಿಮ್ಮ ರೇಡಿಯೋದಲ್ಲಿ ಮಾತಾಡ್ತದಾ?"

"ಮಾತಲ್ಲ, ಟಿಕ್ ಅಂತದೆ."

"ಆ್ಯಪಿನಲ್ಲಿ ಕೇಳಿದ್ರೆ ಆಯ್ತಲ್ಲ?"

ಹಂದಿ ಬೇಲಿ ಹಾರಿ ಇವರ ಬಾಳೆಯನ್ನೆಲ್ಲ ಅಡಿಮೇಲು ಮಾಡಲಿ ಅಂತ ಒಂದು ಕ್ಷಣ ಮನಸ್ಸಿಗೆ ಬಂದದ್ದು ಸುಳ್ಳಲ್ಲ. ಆದರೂ ಸಮಾಧಾನದಿಂದ, ಬಲ್ಲೆ ತಾಗಿದರೆ ಶಾಕ್ ಅಲ್ಲೇ ಭೂಮಿಗೆ ಇಳಿಯುತ್ತದೆ, ಹಂದಿಗೆ ಸಿಗುವುದು ಬರೀ ಕಚಗುಳಿ ಅಂತ ವಿವರಿಸಿದೆ. ಬೇಲಿಗೆ ಸುರಿದ ದುಡ್ಡಿನ ಮಾತು ಬಂದದ್ದೇ ಭಾವ ಎದ್ದು ನಿಂತರು. ಸಂಜೆಯೊಳಗೆ ಜನ ಬಂದು ಬಲ್ಲೆ ಸವರಿಯಾಯಿತು. ಆವತ್ತು ರಾತ್ರಿ 612 ಹೇಗೆ ಬಂತು ಅಂತೀರಿ! ತಂಬೂರಿಯ ಶ್ರುತಿ ಬೇರೆ ಕೇಳಿಸಿತು.

ಹಾಗಂತ ಕಥೆ ಮುಗಿಯಲಿಲ್ಲ. ಮಳೆಗಾಲದಲ್ಲಿ ಬಲ್ಲೆ ವಾರಕ್ಕೆ ಮೊಣಕಾಲೆತ್ತರ ಬೆಳೆಯುತ್ತದೆ. ಮೊದಲೆಲ್ಲ ಭಾವ ಬೇಲಿಯ ಉದ್ದಕ್ಕೂ ನಡೆದು ನೋಡಿ ಬರುತ್ತಿದ್ದರು. ಈಗ ಬೆಳಿಗ್ಗೆ ಫೋನು, "ಭಾವಾ, ಇವತ್ತು ಟಿಕ್ ಹೇಗುಂಟು?" ಜೋರುಂಟು ಅಂದರೆ ಆಳು ಕಳಿಸುತ್ತಾರೆ, ಇಲ್ಲ ಅಂದರೆ ಕಾಲು ಚಾಚಿ ಕೂರುತ್ತಾರೆ. ತೋಡಿನ ಕಡೆಯೋ ಗುಡ್ಡೆಯ ಕಡೆಯೋ ಅಂತಲೂ ಹೇಳಬೇಕಂತೆ. ಅಂದರೆ ನಾನು ಟ್ರಾನ್ಸಿಸ್ಟರ್ ಹಿಡಿದು ಮಳೆಯಲ್ಲಿ ಅಂಗಳ ಸುತ್ತಬೇಕು! ಸಂಬಳ ಇಲ್ಲ, ಒಂದು ಗೊನೆ ಬಾಳೆಹಣ್ಣಾದರೂ ಈ ಕಡೆ ಬಂದದ್ದಿಲ್ಲ.

ಅಳಿಯ ಹೊರಟ. ಬ್ಯಾಗು ಹೆಗಲಿಗೇರಿಸುವಾಗ, "ಸರಿಯಾದ ಉತ್ತರ ಹೇಳ್ತೇನೆ ಅಂದಿದ್ರಲ್ಲ ಮಾವ" ಅಂದ. ನೆನಪಿಟ್ಟುಕೊಂಡಿದ್ದ, ಪರವಾಗಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಭಾವನ ಫೋನು. ಅವರ ಬೇಲಿ ಕಂಡು ಅದರಾಚೆಯ ಮನೆಯವರೂ ಒಂದು ಹಾಕಿಸಿದ್ದಾರಂತೆ, ನಿನ್ನೆಯಿಂದ ಶುರುವಂತೆ. ನನಗೆ ರಾತ್ರಿಯೇ ಗೊತ್ತಾಗಿತ್ತು. ಅದರ ಟಿಕ್ ಸ್ವಲ್ಪ ಚುರುಕು. ಭಾವನದ್ದರ ಹಿಂದೆ ಹೊರಟು, ಅದನ್ನು ಹಿಡಿದು, ದಾಟಿ ಹೋಗಿ, ಮತ್ತೆ ಹಿಂದಿನಿಂದ ಬರುತ್ತದೆ. ತಾಳಮದ್ದಳೆ ಕೇಳಿ ಬೆಳೆದ ಕಿವಿ ಇದು. ಎರಡೂ ಮನೆಯವರನ್ನು ಕೂರಿಸಿ, ಒಂದೋ ಇಬ್ಬರೂ ಒಂದೇ ಕಂಪನಿಯ ಪೆಟ್ಟಿಗೆ ಹಾಕಿಸಿ, ಇಲ್ಲವೇ ಬೇಲಿ ಒಂದೇ ಮಾಡಿ ಅಂತ ಹೇಳಬೇಕು ಅಂತಿದ್ದೇನೆ. ಜಾಗದ ತಕರಾರಿನಲ್ಲಿ ಆ ಎರಡು ಮನೆಗಳ ಮಧ್ಯೆ ಮಾತಿಲ್ಲ, ಅದೊಂದು ಕಷ್ಟ.