ತೊಳೆದ ಕಾಲಾಣೆ, ಕಳೆದ ಹಣ

ನೆಂಟರ ಊರಿಗೆ ಹೋದವನಿಗೆ ಭಾನುವಾರದ ಮೇಲೆ ಯಾವ ಹಕ್ಕೂ ಇರುವುದಿಲ್ಲ. ನಾನು ಮೈಸೂರಿನಲ್ಲಿ ರೈಲು ಹತ್ತುವ ಮೊದಲೇ ಹುಬ್ಬಳ್ಳಿಯ ತಂಗಿ ಮನೆಯಲ್ಲಿ ನನ್ನನ್ನು ಎಲ್ಲೆಲ್ಲಿ ತಿರುಗಿಸಬೇಕೆಂಬ ಪಟ್ಟಿ ತಯಾರಾಗಿತ್ತು. ಬೆಳಿಗ್ಗೆ ಸಿದ್ಧಾರೂಢ ಮಠ, ಆಮೇಲೆ ಉಣಕಲ್ ಕೆರೆ, ಅಲ್ಲೇ ಚಂದ್ರಮೌಳೇಶ್ವರ ಗುಡಿ, ಮಧ್ಯಾಹ್ನ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಪೇಡೆ, ಸಂಜೆ ರೈಲ್ವೆ ಸ್ಟೇಷನ್. ಇಳಿದ ಸ್ಟೇಷನ್ನಿಗೇ ಮತ್ತೆ ಯಾಕೆ ಎಂದು ಕೇಳಿದೆ. ಅಲ್ಲಿನ ಪ್ಲಾಟ್‌ಫಾರಂ 1507 ಮೀಟರ್ ಉದ್ದವಂತೆ, ಪ್ರಪಂಚದಲ್ಲಿ ಅಷ್ಟುದ್ದದ್ದು ಇನ್ನೊಂದಿಲ್ಲವಂತೆ, ಅದನ್ನು ಈ ತುದಿಯಿಂದ ಆ ತುದಿಗೆ ನಡೆಯದೆ ಯಾವ ನೆಂಟನೂ ವಾಪಸು ಹೋಗಿಲ್ಲವಂತೆ.

ನಾನು ಪೇಪರಿನ ಮೂಲೆಯಲ್ಲಿದ್ದ ಒಂದು ಸಣ್ಣ ಪ್ರಕಟಣೆ ತೋರಿಸಿ, ಕಲ್ಯಾಣ ಮಂಟಪವೊಂದರಲ್ಲಿ ನಾಣ್ಯ ಪ್ರದರ್ಶನ ಇದೆ, ಅಲ್ಲಿಗೆ ಹೋಗುತ್ತೇನೆ ಎಂದೆ. ತಂಗಿಯ ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ರೊಕ್ಕ ನೋಡಾಕ ಹೋಗ್ತೀರಿ? ಬರೇ ನೋಡಾಕ?”

ಹೌದೆಂದೆ. ಪಾಪ, ಅವನು ತಂಗಿಯ ಮುಖ ನೋಡಿದ. ನಮ್ಮ ಕಡೆಯವರ ಬಗ್ಗೆ ಅವನಿಗೆ ಮೊದಲಿಂದಲೂ ಇದ್ದ ಅನುಮಾನಕ್ಕೆ ಆಧಾರ ಸಿಕ್ಕಿತ್ತು.

ಆಸಕ್ತಿ ತೋರಿಸಿದವರು ತಂಗಿಯ ಅತ್ತೆ ಒಬ್ಬರೇ. ಮನೆಯವರೆಲ್ಲ ಅವರನ್ನು ಅವ್ವಾ ಅನ್ನುತ್ತಾರೆ, ನಾನು ಅವ್ವಾರ ಅನ್ನುವುದನ್ನು ಕಲಿತಿದ್ದೆ. ದೇವರ ಕೋಣೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ಸುರಿದರು. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಂದ ತೂತು ಬಿಲ್ಲೆ, ಕಮಲದ ಹೂವಿನ ಇಪ್ಪತ್ತು ಪೈಸೆ, ಒಂದಷ್ಟು ನಯಾ ಪೈಸೆ. ಕಾಲಾಣೆ ಒಳ್ಳೆ ಕಂದು ಬಣ್ಣಕ್ಕೆ ತಿರುಗಿ, ಅದರ ಮೇಲಿನ ಎರಡು ಸಿಂಹಗಳು ಗಂಭೀರವಾಗಿ ನಿಂತಿದ್ದವು. ನಯಾ ಪೈಸೆ ಕಂಡದ್ದೇ ಅವ್ವಾರಿಗೆ ಹಳೆಯ ಸಿಟ್ಟು ಬಂತು. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ಪೈಸೆಯಾದಾಗ ಅವರು ಸಣ್ಣ ಹುಡುಗಿ. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರಾಣೆ. ಹಾಗಾಗಿ ಒಂದಾಣೆಗೆ ಆರೂಕಾಲು ನಯಾ ಪೈಸೆ ಬರಬೇಕು. ಕಾಲು ಪೈಸೆಯನ್ನು ಯಾವ ಟಂಕಸಾಲೆಯೂ ಮಾಡಿರಲಿಲ್ಲ.

“ಒಂದಾಣೆ ಕೊಟ್ರ ಆರ ಪೈಸಾ ಎಣಿಸಿ ಕೊಡ್ತಿದ್ದ ಅಂಗಡ್ಯಾಂವ. ಕಾಲ ಪೈಸಾ ಅವನ ಗಲ್ಲಾಕ್ಕ. ಆ ಕಾಲ ಪೈಸಾ ಕೂಡಿಸಿನ ಮಾಳಿಗಿ ಮನಿ ಕಟ್ಟಿಸಿದ.” ಅಂಗಡಿಯವನು ಯಾವತ್ತೋ ತೀರಿಹೋಗಿದ್ದಾನೆ. ಬಾಕಿ ಇನ್ನೂ ನಿಂತಿದೆ.

ಇವುಗಳಿಗೆ ಏನು ಕಿಮ್ಮತ್ತು ಹೇಳುತ್ತಾರೆ ಕೇಳಿಕೊಂಡು ಬರ್ರಿ ಎಂದು ಅವ್ವಾರು ಡಬ್ಬಿಯನ್ನು ಮತ್ತೆ ಒಳಗೆ ಒಯ್ದರು. ಯಾಕೆ ಒಯ್ದರು ಎನ್ನುವುದು ಗೊತ್ತಾಗಿದ್ದು ಬೆಳಿಗ್ಗೆ. ಹುಣಸೇಹಣ್ಣು, ಬೂದಿ, ತೆಂಗಿನ ನಾರು ಮೂರೂ ಸೇರಿ ರಾತ್ರಿ ಕೆಲಸ ಮಾಡಿದ್ದವು. ಡಬ್ಬಿ ತೆಗೆದರೆ ಕಣ್ಣು ಕುಕ್ಕುವಷ್ಟು ಹೊಳಪು. ಸಿಂಹಗಳ ಮೂತಿ ಸವೆದು, ಅವು ಸಿಂಹಗಳೋ ಬೆಕ್ಕುಗಳೋ ಎಂದು ಕೇಳುವ ಸ್ಥಿತಿಗೆ ಬಂದಿದ್ದವು.

“ಮಂದಿ ಮುಂದ ಹೊಲಸು ರೊಕ್ಕ ಇಟ್ರ ನಮ್ಮ ಮನಿ ಮರ್ಯಾದಿ ಏನಾಗಬೇಕ್ರಿ?” ಎಂದರು. ಹುಣಸೇಹುಳಿಗೆ ಕಪ್ಪಾದ ಆ ಬೆರಳುಗಳನ್ನು ನೋಡಿ ನಾನೇನು ಹೇಳಲಿ? ಡಬ್ಬಿ ತೆಗೆದುಕೊಂಡು ಆಟೋ ಹತ್ತಿದೆ.

ಮಂಟಪದಲ್ಲಿ ಹಿಂದಿನ ದಿನ ಮದುವೆಯಾಗಿತ್ತು. ಗಂಡು ಹೆಣ್ಣಿನ ಹೆಸರು ಬರೆದ ಥರ್ಮಾಕೋಲಿನ ಹಲಗೆ, ಚೆಂಡುಹೂವಿನ ಮಾಲೆ ಎಲ್ಲ ಇನ್ನೂ ಹಾಗೇ ಇದ್ದವು. ಅದರ ಕೆಳಗೆ ಸಾಲಾಗಿ ಮೇಜು ಹಾಕಿಕೊಂಡು ವ್ಯಾಪಾರಿಗಳು ಕೂತಿದ್ದರು. ಹೊಸ ಶರ್ಟಿನ ಒಬ್ಬರು ಲಕೋಟೆ ಹಿಡಿದು ಗಡಿಬಿಡಿಯಿಂದ ಬಂದು, ಮದುಮಕ್ಕಳು ಎಲ್ಲಿ ಎಂದು ಮೊದಲ ಮೇಜಿನವರನ್ನೇ ಕೇಳಿದರು. ಆ ವ್ಯಾಪಾರಿ ಲಕೋಟೆಗೆ ಅಂಟಿಸಿದ್ದ ಒಂದು ರೂಪಾಯಿಯ ಮೇಲೆ ಭೂತಗನ್ನಡಿ ಹಿಡಿದು, “ಇದು ಸಾದಾ ಐತ್ರಿ, ಮದಿವಿಗೇ ಕೊಡ್ರಿ. ಆದ್ರ ಮದಿವಿ ನಿನ್ನೆ ಆತು” ಎಂದ.

ನನ್ನ ಡಬ್ಬಿ ಹೋದದ್ದೂ ಅವನ ಮುಂದೆಯೇ. ಇವನು ಹಳೆಯ ಕೈ. ಕಾಲಾಣೆಯನ್ನು ಅಂಚಿನಲ್ಲಷ್ಟೇ ಹಿಡಿದು ತಿರುಗಿಸಿ ನೋಡಿ, ಕೆಳಗಿಟ್ಟು, ಕೇಳಿದ:

“ಯಾರು ತೊಳದವರು?”

ಧ್ವನಿ ಕೇಳಿ ಅಕ್ಕಪಕ್ಕದ ಮೇಜಿನವರೂ ತಿರುಗಿದರು. ಹೆಂಗಸರ ಹೆಸರು ಹೇಳುವುದು ಬೇಡ ಎಂದು ಮನೆಯಲ್ಲಿ ಹಿರಿಯರು ಎಂದೆ. ಅವನು ಸಣ್ಣಗೆ ಪಾಠ ಶುರು ಮಾಡಿದ. ತಾಮ್ರದ ಮೇಲೆ ವರ್ಷಗಟ್ಟಲೆ ಕೂರುವ ಆ ಕಂದು ಪದರ ಕೊಳೆಯಲ್ಲ, ಲೋಹವೇ ಗಾಳಿಯ ಜೊತೆ ಕೂಡಿ ಮಾಡಿಕೊಂಡ ಹೊದಿಕೆ, ಒಳಗಿನ ತಾಮ್ರವನ್ನು ಕಾಯುವುದೇ ಅದು. ಹುಳಿ ಅದನ್ನು ತಿನ್ನುತ್ತದೆ, ಬೂದಿ ಗೀರುತ್ತದೆ. ಕನ್ನಡಿ ಹಿಡಿದರೆ ಆ ಗೀರುಗಳು ಎದ್ದು ಕಾಣುತ್ತವೆ, ನಾಣ್ಯ ಸಂಗ್ರಹಿಸುವವನು ಎದ್ದು ಹೋಗುತ್ತಾನೆ. “ನಿನ್ನೆ ಸಂಜಿಮುಂದ ತಂದಿದ್ರ ತಗೋತಿದ್ದೆ. ಈಗ ದೇವರ ಮುಂದ ಇಡ್ರಿ, ಚಂದ ಕಾಣ್ತದ.”

ನನ್ನ ಹಿಂದೆ ನಿಂತಿದ್ದ ಹುಡುಗನ ಕೈಯಲ್ಲಿ 2012ರ ವೈಷ್ಣೋದೇವಿ ಐದು ರೂಪಾಯಿ ಇತ್ತು. ಹತ್ತು ಲಕ್ಷಕ್ಕೆ ಕಡಿಮೆ ಇಲ್ಲ ಎಂದ. ಮೊಬೈಲಿನಲ್ಲಿ ನೋಡಿದ್ದಾನಂತೆ. ವ್ಯಾಪಾರಿ ಮಾತಾಡದೆ ಮೇಜಿನ ಕೆಳಗಿಂದ ಒಂದು ಡಬ್ಬಿ ತೆಗೆದು ಅಲ್ಲಾಡಿಸಿದ. ಒಳಗೆ ಅವೇ ವೈಷ್ಣೋದೇವಿಯರು ಮುಷ್ಟಿಗಟ್ಟಲೆ. “ಹತ್ತ ಲಕ್ಷದಂಗ ನೀನ ತಗೋತೀಯೇನು?” ಇಂಥ ಆಸೆ ಹುಟ್ಟಿಸಿ ಮೊದಲು ಶುಲ್ಕ ಕಟ್ಟಿ, ತೆರಿಗೆ ಕಟ್ಟಿ ಎಂದು ಸುಲಿಯುವವರು ತನ್ನ ಹೆಸರನ್ನೇ ಬಳಸುತ್ತಿದ್ದಾರೆ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಹುಡುಗ ನಂಬಿದಂತೆ ಕಾಣಲಿಲ್ಲ. ವ್ಯಾಪಾರಿ ತನಗೆ ಗೊತ್ತಿಲ್ಲದೆ ಕೋಟ್ಯಧೀಶನಾಗಿದ್ದಾನೆ ಎಂಬ ಕರುಣೆ ಅವನ ಮುಖದಲ್ಲಿತ್ತು.

ಆಮೇಲೆ ಬಂದವರು ರಾಮಟಂಕಿಯವರು. ಒಬ್ಬರಲ್ಲ, ಅರ್ಧ ಗಂಟೆಗೊಬ್ಬರು. ಎಲ್ಲರ ಕರವಸ್ತ್ರದ ಗಂಟಿನಲ್ಲೂ ಒಂದೇ ಬಿಲ್ಲೆ. ಒಂದು ಕಡೆ ರಾಮನ ಪಟ್ಟಾಭಿಷೇಕ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಇಸವಿ 1818. ಇನ್ನು ಕೆಲವದರ ಮೇಲೆ 1616, 1717. ಕಂಪನಿಯವರು ದೇವರನ್ನು ಮುಟ್ಟಲೇ ಇಲ್ಲವೆಂದಲ್ಲ, ಮದ್ರಾಸಿನಲ್ಲಿ ಅವರು ಹೊಡೆಸಿದ ವರಾಹವೆಂಬ ಚಿನ್ನದ ನಾಣ್ಯದ ಮೇಲೆ ಸ್ವಾಮಿ ಇದ್ದಾನೆ. ಆದರೆ ಈ ಪಟ್ಟಾಭಿಷೇಕದ ಬಿಲ್ಲೆ ಮಾತ್ರ ಕಂಪನಿಯ ನಾಣ್ಯವಲ್ಲ. ದೇವಸ್ಥಾನದ ಮುಂದೆ ಪೂಜೆಗೆಂದು ಮಾರುವ ಟಂಕಿ, ಬಹಳ ಮಟ್ಟಿಗೆ ಇತ್ತೀಚಿನದು. 1616ರಲ್ಲಿ ಸೂರತ್ತಿನಲ್ಲಿ ಬಾಡಿಗೆ ಮಳಿಗೆಯಲ್ಲಿ ಕೂತಿದ್ದ ಕಂಪನಿ, ರಾಮನ ಪಟ್ಟಾಭಿಷೇಕ ಯಾಕೆ ಮಾಡಿಸೀತು?

ಹೀಗೆ ನೋಡುತ್ತಿರುವಾಗ ಬಿಳಿ ಜುಬ್ಬಾದವರೊಬ್ಬರು ಪಕ್ಕಕ್ಕೆ ಬಂದು ನಿಂತರು. ಜೇಬಿನಿಂದ ಚಿಟಿಕೆ ಅಕ್ಕಿ ತೆಗೆದು ಒಂದು ತಾಮ್ರದ ನಾಣ್ಯದ ಸುತ್ತ ಉದುರಿಸಿ, ಬಗ್ಗಿ ಕಾದರು. ಅಕ್ಕಿ ಕದಲಲಿಲ್ಲ. ಇನ್ನೊಂದು ನಾಣ್ಯಕ್ಕೆ ಹೊಸ ಚಿಟಿಕೆ.

“ಎಳಿಯೂದಿಲ್ರಿ ಕಾಕಾ,” ಎಂದ ವ್ಯಾಪಾರಿ, ತಲೆಯೆತ್ತದೆ. “ಯಾವ ಕಾಯಿನ್ನೂ ಅಕ್ಕಿ ಎಳಿಯೂದಿಲ್ಲ. ಅದು ಎಳಿಯೂದು ತಗೊಳ್ಳಾಂವನ ರೊಕ್ಕ.” ಅಕ್ಕಿ ಎಳೆಯುವ ತಾಮ್ರಕ್ಕೆ ಕೋಟಿಗಟ್ಟಲೆ ಬೆಲೆ ಎಂದು ನಂಬಿಸಿ ವಂಚಿಸಿದವರನ್ನು ಪೊಲೀಸರು ಹಿಡಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಜುಬ್ಬಾದವರು ಹೌದು ಹೌದು ಎಂದು ತಲೆಯಾಡಿಸಿ, ಮುಂದಿನ ಮೇಜಿಗೆ ಹೋಗಿ ಅಕ್ಕಿ ತೆಗೆದರು. ಸಭಾಂಗಣದ ನೆಲದ ಮೇಲೆ ಆ ಹೊತ್ತಿಗಾಗಲೇ ಸಾಕಷ್ಟು ಅಕ್ಷತೆ ಬಿದ್ದಿತ್ತು.

ನನಗೆ ಬೇಕಾಗಿದ್ದು ಕಂಠೀರವ ಹಣ. ಮೈಸೂರಿನವನಾಗಿ ಅದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಚಿನ್ನದ ನಾಣ್ಯ. ಮೇಲೆ ನರಸಿಂಹ. ಅಳತೆಯಲ್ಲಿ ಮಾತ್ರ ತೊಗರಿಬೇಳೆ. ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಾಹ. ಆ ವರಾಹ ಲೆಕ್ಕದ ಪುಸ್ತಕದಲ್ಲಷ್ಟೇ ಇತ್ತು, ಯಾರೂ ಅದನ್ನು ಅಚ್ಚು ಹಾಕಲಿಲ್ಲ. ನಮ್ಮವರು ಕೊಳ್ಳುವುದು ಬೇಳೆಯಲ್ಲಿ, ಬರೆಯುವುದು ವರಾಹದಲ್ಲಿ.

ಒಂದಿದೆ ಎಂದ ವ್ಯಾಪಾರಿ. ಅಷ್ಟರಲ್ಲಿ ಅವನ ಹುಡುಗ ಪೇಪರಿನಲ್ಲಿ ಮಿರ್ಚಿ ತಂದ. ಎರಡು ತಿಂದು, ಕೈಯನ್ನು ಅದೇ ಪೇಪರಿಗೆ ಒರೆಸಿ, ಪ್ಲಾಸ್ಟಿಕ್ ಚೀಟಿಯಿಂದ ಹಣವನ್ನು ಕೆಂಪು ಬಟ್ಟೆಯ ತಟ್ಟೆಗೆ ಸುರಿದ. ತಟ್ಟೆಯಲ್ಲಿ ಏನೂ ಬೀಳಲಿಲ್ಲ. ಚೀಟಿಯಲ್ಲೂ ಇರಲಿಲ್ಲ.

“ಯಾರೂ ಕಾಲ ಎತ್ತಬ್ಯಾಡ್ರಿ!”

ಎಲ್ಲರೂ ನಿಂತಲ್ಲೇ ನಿಂತರು. ಆಮೇಲೆ ಒಬ್ಬೊಬ್ಬರೇ ಮಂಡಿಯೂರಿದರು. ಮೊಬೈಲಿನ ಬೆಳಕು ಬಿಟ್ಟು ಹುಡುಕಿದರೆ ನೆಲದ ತುಂಬ ಏನೋ ಹೊಳೆಯುತ್ತದೆ, ಮುಟ್ಟಿದರೆ ಅಕ್ಕಿ. ಜುಬ್ಬಾದವರನ್ನು ಯಾರೋ ಬೈದರು. ಹುಡುಕುತ್ತಲೇ ಚರ್ಚೆಯೂ ಹತ್ತಿಕೊಂಡಿತು. ಮೇಜಿನ ಕೆಳಗೆ ನನಗೆ ಎದುರಾದ ಗದಗಿನ ಹಿರಿಯರೊಬ್ಬರು, “ನಿಮ್ಮ ಮೈಸೂರು ಹಣ ಈಚೀದು ಬಿಡ್ರಿ. ನಮ್ಮ ಲಕ್ಕುಂಡಿಯೊಳಗ ಚಾಲುಕ್ಯರ ಟಂಕಸಾಲಿ ಇತ್ತು, ಅಲ್ಲಿಯ ಚಿನ್ನದ ನಾಣ್ಯಕ್ಕ ಲೊಕ್ಕಿ ಗದ್ಯಾಣ ಅಂತ ಶಾಸನದಾಗ ಬರದಾರ” ಎಂದರು. ಕುರ್ಚಿಗಳ ಆಚೆಯಿಂದ ಧಾರವಾಡದ ಧ್ವನಿಯೊಂದು, ಟಿಪ್ಪು ಧಾರವಾಡಕ್ಕೆ ಖುರ್ಷೀದ್ ಸವಾದ್ ಅಂತ ಹೆಸರಿಟ್ಟು ನಾಣ್ಯ ಹೊಡೆಸಿದ್ದು ಮರೆಯಬೇಡಿ ಎಂದಿತು. ಮೂರೂ ಊರಿನ ಟಂಕಸಾಲೆಗಳು ನಾಲ್ಕು ಕಾಲಿನ ಮೇಲೆ ನಿಂತು ವಾದ ಮಾಡಿದವು.

ಹಣ ಸಿಗಲಿಲ್ಲ. ನಿಧಾನವಾಗಿ ಕಣ್ಣುಗಳು ನನ್ನ ಕಡೆ ತಿರುಗಿದವು. ಕೇಳಿದವನು ನಾನು, ಹತ್ತಿರ ನಿಂತವನು ನಾನು, ಊರಿನವನಂತೂ ಅಲ್ಲ. ಆದರೂ ಆ ಕಡೆಯವರ ಸಂಕೋಚ ದೊಡ್ಡದು. ವ್ಯಾಪಾರಿ ಕೈಮುಗಿದೇ ಕೇಳಿದ: “ಸರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಪ್ಯಾಂಟಿನ ಮಡಿಕಿ ಒಂಚೂರು ಝಾಡಿಸ್ತೀರೇನು?”

ಕೆಳಗೆ ಮಡಿಚಿದ್ದ ಪ್ಯಾಂಟನ್ನು ಎಲ್ಲರ ಎದುರು ಬಿಚ್ಚಿ ಕೊಡವಿದೆ. ಟಪ್ ಎಂದು ಏನೋ ಬಿತ್ತು. ಹತ್ತು ತಲೆ ಒಟ್ಟಿಗೆ ಬಗ್ಗಿದವು. ಎರಡು ಕಾಳು ಅಕ್ಕಿ.

“ಇನ್ನೊಂದ ಕಾಲು,” ಎಂದು ವ್ಯಾಪಾರಿ ಕೈ ಚಾಚಿ ತೋರಿಸಿದ. ವೈಷ್ಣೋದೇವಿ ಹುಡುಗ ಆ ಕೈಯನ್ನೇ ನೋಡುತ್ತ ನಿಂತ.

“ಕಾಕಾ, ನಿಮ್ಮ ಅಂಗೈಯಾಗ ಏನೋ ಮಿಂಚಾಕತ್ತೈತಿ.”

ಹೆಬ್ಬೆರಳಿನ ಬುಡದಲ್ಲಿ, ಮಿರ್ಚಿಯ ಎಣ್ಣೆಯಲ್ಲಿ, ನರಸಿಂಹ ಅಂಟಿಕೊಂಡು ಕೂತಿದ್ದ. ಅಷ್ಟು ಹೊತ್ತು ಅದೇ ಕೈಯಲ್ಲಿ ಅಲ್ಲಿ ನೋಡು, ಇಲ್ಲಿ ನೋಡು ಎಂದು ಊರನ್ನೆಲ್ಲ ನೆಲಕ್ಕೆ ಇಳಿಸಿದ್ದು. ಮುಂದೆ ನನಗಾದ ಉಪಚಾರ ಹೇಳತೀರದು. ಕುರ್ಚಿ ಬಂತು, ಚಹಾ ಬಂತು, ಉಳಿದ ಮಿರ್ಚಿಯೂ ಬಂತು. ಹಣ ಕೊಳ್ಳುವ ಹಣ ನನ್ನಲ್ಲಿರಲಿಲ್ಲ. ಯಾರೂ ತೊಳೆಯದ ಒಂದು ಕಂದು ಕಾಲಾಣೆಯನ್ನು ಕಡಿಮೆಗೆ ಕೊಟ್ಟ. ನೋಟು ಕೊಟ್ಟೆ. ಚಿಲ್ಲರೆಯೆಂದು ಹತ್ತು ರೂಪಾಯಿ ನಾಣ್ಯಗಳನ್ನು ಎಣಿಸಿದ.

ಅವನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದು ಗಿರ್ಮಿಟ್ ಗಾಡಿಯ ಮುಂದೆ ನಿಂತೆ. ತಿಂದಾದ ಮೇಲೆ ನಾಣ್ಯ ಚಾಚಿದರೆ ಗಾಡಿಯವನು ಕೈ ಹಿಂದಕ್ಕೆ ತೆಗೆದುಕೊಂಡ. “ಇವು ನಡಿಯಂಗಿಲ್ರಿ ಸರ.”

ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳಿವೆ, ₹ ಗುರುತು ಇದ್ದರೂ ಇಲ್ಲದಿದ್ದರೂ ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ ಎಂದೆ. ಆಗಷ್ಟೇ ವಿದ್ವಾಂಸರ ನಡುವಿನಿಂದ ಎದ್ದು ಬಂದಿದ್ದೆನಲ್ಲ.

“ರಿಸರ್ವ್ ಬ್ಯಾಂಕಿನವರು ನನ್ನ ಹತ್ರ ಚುರುಮುರಿ ತಿನ್ನಾಕ ಬರೂದಿಲ್ರಿ. ಚುರುಮುರಿ ಭಟ್ಟಿಯಾಂವ ಒಲ್ಲೆ ಅಂದ್ರ ನಾ ಏನ ಮಾಡ್ಲಿ? ಒಳಗ ಹಳೇ ಕಾಯಿನ್ ತಗೋತಾರಂತಲ್ಲ, ಅಲ್ಲೇ ಕೊಟ್ಟ ಬರ್ರಿ.”

ಪಕ್ಕದಲ್ಲಿ ಗಿರ್ಮಿಟ್ ತಿನ್ನುತ್ತಿದ್ದವರು ಗದಗಿನ ಆ ಹಿರಿಯರೇ. ನನ್ನ ಅಂಗೈಯಿಂದ ನಾಣ್ಯಗಳನ್ನು ಒಂದೊಂದಾಗಿ ಎತ್ತಿ, ಯಾವ ಟಂಕಸಾಲೆಯದೆಂದು ನೋಡಲು ಇಸವಿಯ ಕೆಳಗೆ ಕನ್ನಡಿ ಹಿಡಿದರು. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಗುರುತಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದರ ಮೇಲೆ ಅವರ ಕಣ್ಣು ನಿಂತಿತು. ಆ ವರ್ಷದ ನಕ್ಷತ್ರದ್ದು ತಮ್ಮಲ್ಲಿ ಇಲ್ಲವೆಂದು, ಬೇಡ ಎಂದರೂ ಕೇಳದೆ, ಇಪ್ಪತ್ತರ ನೋಟು ನನ್ನ ಜೇಬಿಗೆ ತುರುಕಿ ನಾಣ್ಯ ತೆಗೆದುಕೊಂಡು ಹೋದರು.

ಗಾಡಿಯವನ ಸಟ್ಟುಗ ಗಾಳಿಯಲ್ಲೇ ನಿಂತಿತ್ತು.

“ಸರ, ಇನ್ನೂ ಎಷ್ಟ ಅದಾವ್ರಿ ಅವು?”

ಇದ್ದವನ್ನೆಲ್ಲ ಕೊಡಿಸಿಕೊಂಡು ಅಷ್ಟಕ್ಕೂ ನೋಟು ಕೊಟ್ಟ. ಗಿರ್ಮಿಟ್ಟಿನ ದುಡ್ಡನ್ನೂ ಅದರಲ್ಲೇ ಹಿಡಿದುಕೊಂಡ, ಆ ಲೆಕ್ಕದಲ್ಲಿ ಚೊಕ್ಕ. ನಾನು ಚಿಗರಿ ಸ್ಟಾಪಿನ ಕಡೆ ತಿರುಗಿದಾಗ ಕಾಲೇಜು ಹುಡುಗಿಯೊಬ್ಬಳು ಹತ್ತರ ನೋಟು ಚಾಚಿದ್ದಳು. ಗಾಡಿಯವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಬೇಸರದಿಂದ ಕೇಳುತ್ತಿದ್ದ:

“ಕಾಯಿನ್ ಇಲ್ಲೇನ್ರಿ ಅಕ್ಕಾರ?”