ಕೊನೆಗೆ ಯಾರಂತೆ?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟು ಕೂತಿದ್ದೇನೆ. ಬರೆದರೆ ಇಳಿಯಬಹುದು ಅಂತ ಬರೆಯುತ್ತಿದ್ದೇನೆ. ಉದ್ದ ಇದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ. ಹೇಗೂ ನೀವು ಮಾಡೋದು ಅದನ್ನೇ.

ಅಕ್ಕನ ಮಗ, ಅವನ ಹೆಂಡತಿ ಬೆಂಗಳೂರಿನಿಂದ ಶನಿವಾರ ಬಂದರು. ಬೆಟ್ಟಕ್ಕೆ ಹೋಗೋಣ ಅಂತಿದ್ದರು, ಮಳೆ ಬಿಡಲಿಲ್ಲ. ಬೋಂಡ ಆಯಿತು, ಕಾಫಿ ಆಯಿತು. ಆಮೇಲೆ ಹುಡುಗ "ಮಾಮ, ಯಾವುದಾದ್ರೂ ಒಳ್ಳೆ ಸಿನಿಮಾ ಹಾಕಿ" ಅಂದ. ಈ ಮಾತನ್ನ ನನ್ನೆದುರು ಆಡಬಾರದು ಅಂತ ನಿಮಗೆಲ್ಲ ಗೊತ್ತು. ಅವನಿಗೆ ಗೊತ್ತಿರಲಿಲ್ಲ, ಪಾಪ.

ಹಾಕಿದ್ದು 'ಕ್ಲೂ'. 1985ರ ಇಂಗ್ಲಿಷ್ ಸಿನಿಮಾ. ನಾನು ಎಷ್ಟು ಸಲ ನೋಡಿದ್ದೇನೆ ಅಂತ ನನ್ನ ಹೆಂಡತಿಯನ್ನ ಕೇಳಿ, ಸರಿಯಾದ ಲೆಕ್ಕ ಅವಳ ಹತ್ತಿರ ಇದೆ. ಮಳೆಗಾಲದ ರಾತ್ರಿ, ದೊಡ್ಡ ಬಂಗಲೆ, ಆರು ಜನ ಅತಿಥಿಗಳು, ಒಬ್ಬರದೂ ನಿಜವಾದ ಹೆಸರಿಲ್ಲ. ಎಲ್ಲರ ಗುಟ್ಟು ಹಿಡಿದುಕೊಂಡು ದುಡ್ಡು ಕೀಳುತ್ತಿದ್ದ ಒಬ್ಬ ಆಸಾಮಿ ಬರುತ್ತಾನೆ. ಅತಿಥಿಗಳ ಕೈಗೆ ಒಂದೊಂದು ಉಡುಗೊರೆ ಕೊಡುತ್ತಾನೆ. ಬಿಚ್ಚಿದರೆ ಒಳಗೆ ಹಗ್ಗ, ಚೂರಿ, ಪಿಸ್ತೂಲು, ಸೀಸದ ಪೈಪು, ಸ್ಪ್ಯಾನರ್, ಮೇಣದಬತ್ತಿ ಸ್ಟ್ಯಾಂಡು. ದೀಪ ಆರುತ್ತದೆ. ಅಲ್ಲಿಂದ ಶುರು ಓಡಾಟ, ಬಾಗಿಲು ಬಡಿತ, ಹೆಣಗಳ ಎಣಿಕೆ. ಇದು 'ಕ್ಲೂಡೋ' ಅನ್ನೋ ಬೋರ್ಡ್ ಆಟದಿಂದ ಹುಟ್ಟಿದ ಸಿನಿಮಾ. ಆಟ 1949ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು, ಅಮೆರಿಕದಲ್ಲಿ ಅದರ ಹೆಸರು ಕ್ಲೂ. ಹಾವು ಏಣಿ ಆಟಕ್ಕೆ ಕಥೆ ಬರೆದು ಸಿನಿಮಾ ಮಾಡಿದ ಹಾಗೆ ಅಂದುಕೊಳ್ಳಿ.

ಹತ್ತು ನಿಮಿಷ ಆಗಿಲ್ಲ. ಇನ್ನೂ ಯಾರೂ ಸತ್ತಿಲ್ಲ. ಹುಡುಗನ ಮುಖಕ್ಕೆ ಕೆಳಗಿನಿಂದ ನೀಲಿ ಬೆಳಕು. ಫೋನ್ ನೋಡುತ್ತಲೇ ಕೇಳಿದ.

"ಮಾಮ, ಕೊನೆಗೆ ಯಾರಂತೆ?"

ಯಾರಂತೆ ಅಂದ್ರೆ? ಕೊಲೆಯೇ ಆಗಿಲ್ಲವಲ್ಲೋ! ನಾನು ಸುಮ್ಮನಿದ್ದೆ. ನೋಡಿ, ಸುಮ್ಮನಿದ್ದೆ. ಇದನ್ನ ದಾಖಲೆಗೆ ಇಟ್ಟುಕೊಳ್ಳಿ.

ಐದು ನಿಮಿಷದ ಮೇಲೆ ಅವನೇ ಉತ್ತರ ಹುಡುಕಿಕೊಂಡ. "ಓ, ಇವಳೇ" ಅಂತ ಜೋರಾಗಿ ಒಂದು ಪಾತ್ರದ ಹೆಸರು ಹೇಳಿದ. ನನ್ನ ಹೆಂಡತಿ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಕಾಫಿ ಲೋಟಗಳನ್ನ ನನ್ನ ಕೈಗೆ ಸಿಗದ ಹಾಗೆ ದೂರ ಇಟ್ಟಳು.

ನನ್ನ ಜಗಳ ಇಷ್ಟೇ. ಈಗ ಯಾರಿಗೂ ಸಿನಿಮಾ ಬೇಡ, ಉತ್ತರ ಬೇಕು. ಎರಡು ಗಂಟೆಯ ಊಟಕ್ಕೆ ಕರೆದರೆ ಕೈ ತೊಳೆಯೋ ಜಾಗ ಎಲ್ಲಿ ಅಂತ ಮೊದಲೇ ಕೇಳುತ್ತಾರೆ. ಈ ಸಿನಿಮಾದಲ್ಲಿ ಕೊಲೆ ಯಾರು ಮಾಡಿದರು ಅನ್ನೋದು ಒಗ್ಗರಣೆಯಲ್ಲಿನ ಇಂಗಿನಷ್ಟು. ಇರಬೇಕು, ಆದರೆ ಅದನ್ನೇ ತಿನ್ನೋಕೆ ಯಾರೂ ಕೂರಲ್ಲ.

ಮಜಾ ಇರೋದು ಬೇರೆ ಕಡೆ. ಟಿಮ್ ಕರಿ ಅನ್ನೋ ನಟ ಇದರಲ್ಲಿ ಬಟ್ಲರ್, ಅಂದರೆ ಆ ಬಂಗಲೆಯ ಮುಖ್ಯ ಸೇವಕ. ಮೊದಲ ದೃಶ್ಯದಲ್ಲೇ ನಾಯಿಗಳ ಹತ್ತಿರ ಹೋಗಿ ಹೊಲಸು ತುಳಿಯುತ್ತಾನೆ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲ್ಲ. ಒಳಗೆ ಬಂದ ಮೇಲೆ ಒಬ್ಬೊಬ್ಬರೇ ಮೂಗು ಏರಿಸುತ್ತಾರೆ, ಮೆಲ್ಲಗೆ ತಮ್ಮ ಶೂ ತಳ ನೋಡಿಕೊಳ್ಳುತ್ತಾರೆ. ಅಷ್ಟೇ. ಕಣ್ಣು ಫೋನಿನಲ್ಲಿದ್ದರೆ ಇದು ಹೋಯಿತು. ಇನ್ನೊಂದು ಕಡೆ ಪೊಲೀಸಿನವನು ಬರುತ್ತಾನೆ, ಹೆಣ ಬಚ್ಚಿಡೋಕೆ ಪುರುಸೊತ್ತಿಲ್ಲ. ಇವರು ಹೆಣಗಳನ್ನೇ ತಬ್ಬಿಕೊಂಡು ಪಾರ್ಟಿ ನಡೀತಿದೆ ಅನ್ನೋ ಹಾಗೆ ನಾಟಕ ಆಡುತ್ತಾರೆ. ಕೊನೆಯ ಭಾಗದಲ್ಲಂತೂ ಬಟ್ಲರ್ ಇಡೀ ರಾತ್ರಿಯ ಘಟನೆಯನ್ನ ಮತ್ತೆ ಅಭಿನಯಿಸಿ ತೋರಿಸುತ್ತಾ ಕೋಣೆಯಿಂದ ಕೋಣೆಗೆ ಓಡುತ್ತಾನೆ. ಮಿಕ್ಕವರು ಏದುಸಿರು ಬಿಡುತ್ತಾ ಅವನ ಹಿಂದೆ. ಏಳೆಂಟು ಜನ ಒಂದೇ ಫ್ರೇಮಿನಲ್ಲಿ. ಯಾರು ಎಲ್ಲಿ ನಿಲ್ಲಬೇಕು, ಯಾವ ಬಾಗಿಲು ಯಾವಾಗ ಬಡಿಯಬೇಕು ಅನ್ನೋದು ಅರ್ಧ ಸೆಕೆಂಡ್ ಆಚೀಚೆ ಆದರೆ ನಗು ಸತ್ತುಹೋಗುತ್ತದೆ. 'ಸಿಲ್ಲಿ ಕಾಮಿಡಿ' ಅನ್ನೋರು ಮನೆಯಲ್ಲಿ ನಾಲ್ಕು ಜನರನ್ನ ಒಟ್ಟಿಗೆ ಒಂದು ಬಾಗಿಲಲ್ಲಿ ಓಡಿಸಿ ನೋಡಲಿ. ನಗು ಬರಲ್ಲ, ಮೂಳೆ ಮುರಿಯುತ್ತದೆ.

ಮಾಡಿದವನು ಜೋನಾಥನ್ ಲಿನ್. ಮಂತ್ರಿಗಳನ್ನ ಗೇಲಿ ಮಾಡೋ ಬ್ರಿಟಿಷ್ ಟಿವಿ ಸೀರಿಯಲ್ 'ಯೆಸ್ ಮಿನಿಸ್ಟರ್' ಬರೆದ ಇಬ್ಬರಲ್ಲಿ ಒಬ್ಬ. ನಮ್ಮಲ್ಲಿ ಫಾರೂಕ್ ಶೇಖ್ 'ಜೀ ಮಂತ್ರೀಜೀ' ಮಾಡಿದರಲ್ಲ, ಅದರ ಮೂಲ. ಇದು ಅವನು ನಿರ್ದೇಶಿಸಿದ ಮೊದಲ ಸಿನಿಮಾ. ಹಾಗಾಗಿ ಬರೀ ಬೀಳೋದು ಏಳೋದು ಅಲ್ಲ, ಮಾತಿನಲ್ಲೂ ಚುರುಕು ಇದೆ. ಕಥೆ ನಡೆಯೋದು 1954ರಲ್ಲಿ, ಅಮೆರಿಕದಲ್ಲಿ ಎಲ್ಲರಲ್ಲೂ ಕಮ್ಯುನಿಸ್ಟ್ ಹುಡುಕುತ್ತಿದ್ದ ಕಾಲ. ನಡುವೆ ಆ ಮನೆಗೆ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್‌ನ ಫೋನ್ ಬರುತ್ತದೆ. ಚಿಕ್ಕಂದಿನಲ್ಲಿ ಹೂವರ್ ಅಂದ್ರೆ ಆ ಮನೆಯವರ ಯಾರೋ ನೆಂಟ ಅಂದುಕೊಂಡಿದ್ದೆ. ಅವನು ದೇಶದವರ ಫೋನೆಲ್ಲ ಕದ್ದು ಕೇಳುತ್ತಿದ್ದ, ಜೋಕ್ ಇರೋದು ಅಲ್ಲಿ ಅಂತ ಹೊಳೆದಾಗ ನನಗೆ ಮೂವತ್ತು ದಾಟಿತ್ತು. ಆಗ ಒಬ್ಬನೇ ಸಿಟಿ ಬಸ್ಸಿನಲ್ಲಿ ನಕ್ಕಿದ್ದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನ ಉತ್ತರ ಕೇಳಿ. "ಅಷ್ಟು ಚೆನ್ನಾಗಿದ್ರೆ ಯಾಕೆ ಫ್ಲಾಪ್ ಆಯ್ತು ಮಾಮ? ಒಂದೂವರೆ ಕೋಟಿ ಡಾಲರ್ ಖರ್ಚು, ಅಲ್ಲಿ ಅಷ್ಟು ಗಳಿಕೆಯೂ ಆಗಿಲ್ಲ." ಸರಿ, ನಿಜ. ಫ್ಲಾಪೇ. ಮೂರು ಬೇರೆ ಬೇರೆ ಕ್ಲೈಮ್ಯಾಕ್ಸ್ ಮಾಡಿ, ಒಂದೊಂದು ಥಿಯೇಟರಿಗೆ ಒಂದೊಂದು ಕಳಿಸಿದ್ದರು. ಜನ ಮೂರು ಸಲ ಟಿಕೆಟ್ ತಗೋತಾರೆ ಅನ್ನೋ ಆಸೆ. ಜನ ಒಂದು ಸಲವೂ ತಗೊಳ್ಳಲಿಲ್ಲ. ಆಮೇಲೆ ಕ್ಯಾಸೆಟ್‌ನಲ್ಲಿ ಮೂರನ್ನೂ ಒಂದರ ಹಿಂದೆ ಒಂದು ಸೇರಿಸಿದರು. ಅಲ್ಲಿಂದ, ಟಿವಿಯಿಂದ, ಸಿನಿಮಾ ಮತ್ತೆ ಹುಟ್ಟಿತು. ಆದರೆ ಗಲ್ಲಾಪೆಟ್ಟಿಗೆ ಲೆಕ್ಕ ಹಿಡಿದು ನಗೋದಾದರೆ ಸಿಎ ಹತ್ತಿರ ಹೋಗಬೇಕು, ನನ್ನ ಹತ್ತಿರ ಯಾಕೆ?

"ನಿಮಗೆ ನಾಸ್ಟಾಲ್ಜಿಯಾ ಅಷ್ಟೇ" ಅಂದಳು ಅವನ ಹೆಂಡತಿ. ನಗುತ್ತಾ ಹೇಳಿದಳು, ಹಾಗಾಗಿ ಬಿಟ್ಟೆ. ಸ್ವಲ್ಪ ನಿಜವೂ ಇರಬಹುದು. ಸಿನಿಮಾದ ಕೆಲಸದವಳ ಉಡುಪಿನ ಮೇಲೆ ಮಾಡಿರೋ ಜೋಕುಗಳು ಈಗ ಹಳಸಿವೆ, ಮನೆಯವರ ನಡುವೆ ಕೂತು ನೋಡುವಾಗ ನಾನೂ ಛಾವಣಿಯ ಫ್ಯಾನ್ ಎಣಿಸಿದೆ. ಒಂದೇ ಇತ್ತು. ಅಮ್ಮ ಮಾತ್ರ "ಮಳೇಲಿ ಇವಳಿಗೆ ಚಳಿ ಆಗಲ್ವಾ?" ಅಂದಳು.

ಹಾಂ, ಅಮ್ಮ. ಅಮ್ಮನಿಗೆ 79. ಇಂಗ್ಲಿಷ್ ಅಂದ್ರೆ ಗುಳಿಗೆ ಹೆಸರುಗಳು ಮಾತ್ರ. ದೇವರ ಕೋಣೆಯಿಂದ ಎದ್ದು ಬಂದವಳು ಕುರ್ಚಿ ಎಳೆದುಕೊಂಡು ಕೂತಳು, ಕೊನೇವರೆಗೂ ಏಳಲಿಲ್ಲ. ಶೂ ಮೂಸುವಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಗೊಂಚಲು ದೀಪ ಒಬ್ಬನ ಬೆನ್ನ ಹಿಂದೆ ಕೂದಲೆಳೆಯಲ್ಲಿ ಬಿದ್ದಾಗ "ಅಯ್ಯೋ ರಾಮ" ಅಂತ ಕಾಲು ಎಳೆದುಕೊಂಡಳು. ಬಟ್ಲರ್ ಓಡೋದು ನೋಡಿ "ಇವನು ನಮ್ಮ ನರಸಿಂಹರಾಜು ಥರ ಕಣೋ, ಕಾಲಲ್ಲೇ ಮಾತಾಡ್ತಾನೆ" ಅಂದಳು. ನಾನು ಮೂವತ್ತು ವರ್ಷ ಹುಡುಕುತ್ತಿದ್ದ ಮಾತು ಅದು. ಅತಿಥಿಗಳಲ್ಲಿ ಒಬ್ಬಳಾದ ನಟಿ ಮ್ಯಾಡೆಲಿನ್ ಕಾನ್ ಸಿಟ್ಟಿನಲ್ಲಿ ಮಾತು ಹೊರಡದೆ, ಮುಖದ ಪಕ್ಕ ಕೈ ಆಡಿಸುತ್ತಾ ತಡವರಿಸೋ ಒಂದು ಜಾಗ ಇದೆ. ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಆಕೆ ಕ್ಯಾಮೆರಾ ಮುಂದೆ ತಾನೇ ಹುಟ್ಟಿಸಿದ್ದು. ಮುಖಕ್ಕೆ ಬೆಂಕಿ ಹತ್ತಿದ ಹಾಗಾಯಿತು ಅಂತ ಆಕೆ ಇಂಗ್ಲಿಷಿನಲ್ಲಿ ಹೇಳೋಕೆ ಒದ್ದಾಡುತ್ತಿದ್ದರೆ ಅಮ್ಮ ಇಲ್ಲಿ "ಪಾಪ, ಉರೀತಿದೆ ಅವಳಿಗೆ" ಅಂದಳು. ಸಬ್‌ಟೈಟಲ್ ಇಲ್ಲದೆ!

ಅಮ್ಮ ಒಂದು ಸಲವೂ 'ಕೊನೆಗೆ ಯಾರಂತೆ' ಅಂತ ಕೇಳಲಿಲ್ಲ. ಅವಳು ಕೇಳಿದ್ದು ಒಂದೇ. "ಅಡುಗೆಯವಳನ್ನ ಯಾಕೆ ಸಾಯಿಸಿದರು? ಬಡಿಸಿದ್ದೂ ಆಗಿತ್ತಲ್ಲ."

ಇನ್ನು ನನ್ನ ಕಥೆ. ಮೈಸೂರಿನ ಒಂಟಿಕೊಪ್ಪಲಿನ ಮನೆ ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ. ದೊಡ್ಡಪ್ಪನ ಮಗ ಅಮೆರಿಕದಿಂದ ಈ ಕ್ಯಾಸೆಟ್ ತಂದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ನಮ್ಮ ವಿಸಿಆರ್‌ಗೆ ಹಾಕಿದರೆ ಬರೀ ಗೆರೆಗಳು. ಅಲ್ಲಿಯದು ಎನ್‌ಟಿಎಸ್‌ಸಿ, ನಮ್ಮದು ಪಾಲ್, ಎರಡೂ ಬೇರೆ ಬೇರೆ ವಿಡಿಯೊ ಪದ್ಧತಿ, ಒಂದರದ್ದು ಇನ್ನೊಂದರಲ್ಲಿ ಓಡಲ್ಲ ಅನ್ನೋ ಜ್ಞಾನ ಆಗ ಯಾರಿಗಿತ್ತು? ಅಪ್ಪ ಹೆಡ್ ಕ್ಲೀನ್ ಮಾಡಿ ಮಾಡಿ ಸೋತರು. ಕೊನೆಗೆ ಹಿಂದಿನ ಬೀದಿಯಲ್ಲಿ ದುಬೈನಿಂದ ಬಂದವರ ಮನೆಯಲ್ಲಿ ಎರಡನ್ನೂ ಓಡಿಸೋ ಮಲ್ಟಿ ಸಿಸ್ಟಮ್ ವಿಸಿಆರ್ ಇದೆ ಅಂತ ಗೊತ್ತಾಗಿ, ಚಕ್ಕುಲಿ ಡಬ್ಬಿ ಹಿಡಿದುಕೊಂಡು ಎಲ್ಲರೂ ಅಲ್ಲಿಗೆ ಮೆರವಣಿಗೆ. ಆಮೇಲಿನ ಬೇಸಿಗೆ ರಜೆಯೆಲ್ಲ ನಮ್ಮ ಮನೆಯೇ ಬಂಗಲೆ. ಬಾವಿ ಹಗ್ಗ, ಅಪ್ಪನ ಸ್ಪ್ಯಾನರ್, ದೀಪಾವಳಿ ಪಿಸ್ತೂಲು, ದೇವರ ಮನೆಯ ದೀಪದ ಕಂಬ, ಹಿತ್ತಲಿನ ಪೈಪು. ಚೂರಿ ಬದಲು ಈಳಿಗೆಮಣೆ ಎತ್ತಿಕೊಂಡ ದಿನ ಅಜ್ಜಿ ಸೌಟು ತಗೊಂಡು ಬಂದಳು. ಏಳನೇ ಆಯುಧ ಅದು. ಅದರಿಂದ ಏಟು ತಿಂದವನು ನಾನು. ಬಚ್ಚಲುಮನೆಯಿಂದ ಪಡಸಾಲೆಗೆ ಓಡುವಾಗ ಹೊಸಿಲು ಎಡವಿ ಬಿದ್ದ ಗುರುತು ಗಲ್ಲದ ಮೇಲೆ ಇನ್ನೂ ಇದೆ. ಗಡ್ಡ ಬಿಟ್ಟಿರೋದು ಅದಕ್ಕೇ, ಬುದ್ಧಿಜೀವಿ ಅಂತಲ್ಲ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಹೆಂಡತಿಗೂ ಹೇಳಿರಲಿಲ್ಲ. ಆವತ್ತು ದುಬೈನವರ ಮನೆಯಲ್ಲಿ ಕ್ಯಾಸೆಟ್ ಹಾಕಿದಾಗ ಅದು ರಿವೈಂಡ್ ಆಗಿರಲಿಲ್ಲ. ದೊಡ್ಡಪ್ಪನ ಮಗ ನೋಡಿ ಹಾಗೇ ಬಿಟ್ಟಿದ್ದ. ಪ್ಲೇ ಒತ್ತಿದ ಕೂಡಲೇ ಶುರುವಾದದ್ದು ಮೂರನೇ ಕ್ಲೈಮ್ಯಾಕ್ಸ್. ಇಂಗ್ಲಿಷ್ ಸಿನಿಮಾ ಹೀಗೇ ಶುರುವಾಗುತ್ತೇನೋ ಅಂತ ನಾವೆಲ್ಲ ಗಂಭೀರವಾಗಿ ಮುಗಿಯೋವರೆಗೂ ನೋಡಿದೆವು. ಹೆಸರುಗಳು ಓಡೋಕೆ ಶುರುವಾದ ಮೇಲೆ ದುಬೈ ಆಂಟಿ "ಇದು ಕೊನೆ ಅಲ್ವಾ?" ಅಂದರು.

ಅಂದರೆ ನನಗೆ ಉತ್ತರ ಮೊದಲ ದಿನವೇ, ಸಿನಿಮಾ ಶುರುವಾಗೋ ಮೊದಲೇ ಗೊತ್ತಿತ್ತು. ಆದರೂ ರಿವೈಂಡ್ ಮಾಡಿ ಮೊದಲಿನಿಂದ ನೋಡಿ ಬಿದ್ದು ಬಿದ್ದು ನಕ್ಕೆವು. ಹಾಗಾದರೆ ಪಾಪ ಆ ಹುಡುಗನ ಮೇಲೆ ಯಾಕೆ ಕೂಗಾಡಿದೆ ಅಂತ ನೀವು ಕೇಳಬಹುದು. ಕೇಳಬೇಡಿ. ನಮ್ಮದು ಅಪಘಾತ, ಅವನದು ಉದ್ದೇಶಪೂರ್ವಕ. ಅಲ್ಲದೆ ನಾವು ಉತ್ತರ ಸಿಕ್ಕಿತು ಅಂತ ಎದ್ದು ಹೋಗಲಿಲ್ಲ.

ಅವನಿಗೆ ದೇವರು ಅಲ್ಲೇ ಬುದ್ಧಿ ಕಲಿಸಿದ, ಅದನ್ನೂ ಬರೆದುಬಿಡುತ್ತೇನೆ. ಮೊದಲ ಕ್ಲೈಮ್ಯಾಕ್ಸ್ ಬಂತು, ಅವನು ಹೇಳಿದ ಹೆಸರೇ. ಹುಡುಗ ಕಾಲರ್ ಎತ್ತಿ ಎಲ್ಲರನ್ನೂ ನೋಡಿದ. ಅಷ್ಟರಲ್ಲಿ ತೆರೆಯ ಮೇಲೆ ಬರಹ. ಹೀಗೂ ಆಗಿರಬಹುದಿತ್ತು, ಆದರೆ ಹೀಗಾಗಿದ್ದರೆ ಹೇಗೆ ಅನ್ನೋ ಅರ್ಥದ್ದು. ಕೊಲೆಗಾರರೇ ಬೇರೆ. ಕಾಲರ್ ಇಳಿಯಿತು. ಫೋನಿನಲ್ಲಿ ಅವನು ಓದಿದ್ದು ಮೊದಲ ಸಾಲು ಮಾತ್ರ! ಆಮೇಲೆ ಮೂರನೆಯದು, ನಿಜವಾಗಿ ನಡೆದದ್ದು ಇದು ಅಂತ. ಬಟ್ಲರ್ ಯಾವ ಕೊಲೆ ಯಾರದು ಅಂತ ಒಂದೊಂದಾಗಿ ಹೇಳುವಾಗ ಈ ಸಾಫ್ಟ್‌ವೇರ್ ಎಂಜಿನಿಯರ್ ಬೆರಳು ಮಡಚುತ್ತಿದ್ದ. ಫೋನ್ ಸೋಫಾದ ಸಂದಿಯಲ್ಲಿ ಬಿದ್ದಿತ್ತು. ನಾನು ನೋಡಿಯೂ ಎತ್ತಿ ಕೊಡಲಿಲ್ಲ.

ಇವತ್ತು ಬೆಳಗ್ಗೆ ಹೊರಟರು. ಮಳೆ ನಿಂತಿತ್ತು. ನಮ್ಮ ಕ್ರಾಸಿನ ನಾಯಿಗಳು ಎಂಥವು ಅಂತ ನಿಮಗೆ ಗೊತ್ತು. ಗೇಟ್ ಹತ್ತಿರ ಹುಡುಗ ತಟ್ಟನೆ ನಿಂತ, ಮೂಗು ಏರಿಸಿದ, ಒಂಟಿ ಕಾಲಿನಲ್ಲಿ ನಿಂತು ಶೂ ತಿರುಗಿಸಿ ನೋಡಿಕೊಂಡ. ಅವನ ಹೆಂಡತಿಯೂ ಚಪ್ಪಲಿ ಎತ್ತಿ ನೋಡಿದಳು. ನಾನೂ ನೋಡಿಕೊಂಡೆ. ಎದುರು ಮನೆಯವರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ತುಳಸಿಕಟ್ಟೆ ಹತ್ತಿರ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು.