ಸ್ಪಷ್ಟನೆ: ಕಡಿಮೆ ದೂರದ ಚಾರಣ ದಾರಿಯೇ ಸುಲಭ ಎಂಬುದು ಸರಿಯಲ್ಲ

ಮಹಾನಗರದ ಸಮೀಪದ ಬೆಟ್ಟಕ್ಕೆ ಮೊದಲ ಬಾರಿ ಹೊರಡುವವರು, ಶಿಖರಕ್ಕೆ ಹಲವು ದಾರಿಗಳಿದ್ದರೆ ಅತಿ ಕಡಿಮೆ ದೂರದ್ದನ್ನೇ ಆರಿಸಿಕೊಳ್ಳಬೇಕು, ಅದೇ ಸುಲಭ ಎಂಬ ಸಲಹೆಯೊಂದು ಹರಿದಾಡುತ್ತಿದೆ. ಇದು ದಾರಿ ತಪ್ಪಿಸುವ ಮಾತು.

ಚಾರಣದ ಶ್ರಮವನ್ನು ದೂರದಷ್ಟೇ ಏರಿನ ಪ್ರಮಾಣವೂ ನಿರ್ಧರಿಸುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಸೂಚಿಸಿದ, ಇಂದಿಗೂ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ ಬೇಕು. ಅಂದರೆ 600 ಮೀಟರ್ ಎತ್ತರವನ್ನು 3 ಕಿ.ಮೀ.ಯಲ್ಲಿ ಏರಲು 96 ನಿಮಿಷ, ಬಳಸಿಕೊಂಡು 6 ಕಿ.ಮೀ.ಯಲ್ಲಿ ಏರಲು 132 ನಿಮಿಷ ಹಿಡಿಯುತ್ತದೆ. ದೂರ ಇಮ್ಮಡಿಯಾದರೂ ಹೆಚ್ಚುವುದು 36 ನಿಮಿಷ ಮಾತ್ರ, ಅದೂ ಅರ್ಧದಷ್ಟೇ ಕಡಿದಾದ ಏರಿನಲ್ಲಿ. ವಿಶ್ರಾಂತಿಯನ್ನು ಸೇರಿಸದ ಈ ಲೆಕ್ಕ ದೇಹ ಪಳಗಿದವರಿಗೆ ಹೇಳಿದ್ದು.

ಕಡಿದಾದ ದಾರಿ ಹೆಚ್ಚು ಕಾಡುವುದು ಇಳಿಯುವಾಗ: ಸಡಿಲ ಜಲ್ಲಿಯ ಮೇಲೆ ಹಿಮ್ಮಡಿ ಜಾರುತ್ತದೆ, ಆಗಲೇ ದಣಿದಿರುವ ತೊಡೆಗಳು ಪ್ರತಿ ಹೆಜ್ಜೆಯಲ್ಲೂ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ, ಮಂಡಿ ನೋಯುತ್ತದೆ. ನಗರಕ್ಕೆ ಹತ್ತಿರ ಎಂಬುದು ಪ್ರಯಾಣದ ಅನುಕೂಲವೇ ಹೊರತು ಬೆಟ್ಟದ ಗುಣವಲ್ಲ. ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಒತ್ತೊತ್ತಾಗಿದ್ದರೆ ಅಲ್ಲಿ ಏರು ಕಡಿದು ಎಂದರ್ಥ; ಅವು ಹಾಗಿದ್ದು, ದಾರಿ ಅವುಗಳನ್ನು ನೇರವಾಗಿ ಕತ್ತರಿಸಿ ಸಾಗುತ್ತಿದ್ದರೆ, ದೂರ ಎಷ್ಟೇ ಕಡಿಮೆಯಿರಲಿ, ಹೊಸಬರು ಅದನ್ನು ಬಿಡುವುದೇ ಲೇಸು.